ಇಂಗ್ಲೆಂಡಿಗೆ ಹೋಗುವವರು ಸಂತೆಯೂರಿಗೂ ಹೋಗಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಬೇಸಿಗೆ ರಜೆಯ ಹೊತ್ತಿಗೆ ನಿಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಇಂಗ್ಲೆಂಡಿನ ಬಗ್ಗೆ ಒಂದೆರಡು ಲೇಖನಗಳಾದರೂ ಪ್ರಕಟವಾಗುತ್ತವೆ. ಮಕ್ಕಳು ಅಲ್ಲಿ ಉದ್ಯೋಗದಲ್ಲಿದ್ದು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅವರ ಮನೆಗೆ ಹೋಗಿ ಬರುವ ನಮ್ಮಂಥ ನಿವೃತ್ತರು ಆ ಲೇಖನಗಳನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಂಡು ಹೊರಡುತ್ತೇವೆ. ಆದರೆ ಅವುಗಳಲ್ಲಿ ಲಂಡನ್ನಿನ ಅರಮನೆ, ಥೇಮ್ಸ್ ನದಿಯ ಸೇತುವೆ, ಸ್ಟೋನ್‌ಹೆಂಜ್, ಆಕ್ಸ್‌ಫರ್ಡ್, ಷೇಕ್ಸ್‌ಪಿಯರ್ ಹುಟ್ಟಿದ ಮನೆ ಇಷ್ಟೇ ಮತ್ತೆ ಮತ್ತೆ ಬರುತ್ತವೆ. ಇವು ನೋಡಬಾರದ ಜಾಗಗಳೆಂದು ನಾನು ಹೇಳುತ್ತಿಲ್ಲ. ನಾವೂ ಮೂರು ವರ್ಷಗಳ ಹಿಂದೆ ಒಂದು ಪ್ರವಾಸ ಸಂಸ್ಥೆಯ ಬಸ್ಸು ಹತ್ತಿ 6 ದಿನಗಳಲ್ಲಿ 11 ಊರುಗಳನ್ನು ಸುತ್ತಿದವರೇ. ಆ ಪ್ರವಾಸದಿಂದ ಮರಳಿದ ಮೇಲೆ ಯಾವ ಚರ್ಚು ಯಾವ ಊರಿನದೆಂದು ನನಗೂ ನನ್ನ ಯಜಮಾನರಿಗೂ ಒಮ್ಮತ ಮೂಡಲಿಲ್ಲ. ಪ್ರತಿ ಊರಿನಲ್ಲಿಯೂ ಇಳಿದದ್ದು 40 ನಿಮಿಷ. ಅದರಲ್ಲಿ ಅರ್ಧ ಹೊತ್ತು ಶೌಚಾಲಯದ ಸಾಲಿನಲ್ಲಿ ಕಳೆದುಹೋಯಿತು. ಈ ಸಲ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗಳ ಮನೆಗೆ ಹೋದಾಗ, ಅವಳ ಸಲಹೆಯಂತೆ, ಒಂದೇ ಒಂದು ಸಣ್ಣ ಊರಿನಲ್ಲಿ 4 ದಿನ ಇದ್ದು ಬಂದೆವು. ಆ ಊರಿನ ಹೆಸರು ಲಡ್ಲೋ. ಅಲ್ಲಿ ಕಂಡದ್ದನ್ನೂ, ಅದರಿಂದ ನನ್ನಲ್ಲಿ ಮೂಡಿದ ಒಂದು ಬೇಡಿಕೆಯನ್ನೂ ನಿಮ್ಮ ಮೂಲಕ ಓದುಗರ ಮುಂದಿಡಲು ಈ ಪತ್ರ.

ಲಡ್ಲೋ ಇರುವುದು ಶ್ರಾಪ್‌ಶೈರ್ ಎಂಬ ಜಿಲ್ಲೆಯ ದಕ್ಷಿಣ ಭಾಗದಲ್ಲಿ, ವೇಲ್ಸ್ ಗಡಿಗೆ ಸಮೀಪದಲ್ಲಿ. ಜನಸಂಖ್ಯೆ ಸುಮಾರು ಹತ್ತು ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ ಕೇಂದ್ರ. ಟೀಮ್ ಎಂಬ ನದಿ ಊರಿನ ಗುಡ್ಡವನ್ನು ಎರಡು ಕಡೆಯಿಂದ ಬಳಸಿ ಹರಿಯುತ್ತದೆ. ಗುಡ್ಡದ ತುದಿಯಲ್ಲಿ ಕೋಟೆ, ಕೋಟೆಯ ಬಾಗಿಲಿನ ಎದುರಿಗೇ ಸಂತೆಯ ಬಯಲು, ಅದರ ಪಕ್ಕದಲ್ಲಿ ಸಂತ ಲಾರೆನ್ಸನ ಹೆಸರಿನ ದೊಡ್ಡ ಚರ್ಚು, ಅಲ್ಲಿಂದ ನದಿಯ ಕಡೆಗೆ ಇಳಿಯುವ ನೇರವಾದ ಬೀದಿಗಳು: ಊರಿನ ನಕ್ಷೆ ಇಷ್ಟೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಗಡಿಯನ್ನು ಕಾಯುವುದಕ್ಕಾಗಿ ಡಿ ಲೇಸಿ ಎಂಬ ಮನೆತನದವರು 11ನೇ ಶತಮಾನದ ಕೊನೆಯಲ್ಲಿ ಇಲ್ಲಿ ಕೋಟೆ ಕಟ್ಟಲು ತೊಡಗಿದರು. ಕೋಟೆಯ ನಂತರ ಊರನ್ನೂ ಅಳತೆ ಹಾಕಿ ಕಟ್ಟಿದರು. ಬೀದಿಗೆ ಕಿರಿದಾದ ಮುಖ, ಹಿಂದಕ್ಕೆ ಉದ್ದನೆಯ ಹಿತ್ತಿಲು ಇರುವಂತೆ ಗೆರೆ ಎಳೆದು ಹಂಚಿದ ನಿವೇಶನಗಳ ಎಲ್ಲೆಗಳು ಅನೇಕ ಕಡೆ ಇಂದಿಗೂ ಹಾಗೆಯೇ ಉಳಿದಿವೆ. 1233ರಲ್ಲಿ ಗೋಡೆ ಕಟ್ಟಿಕೊಳ್ಳಲು ತೆರಿಗೆ ಎತ್ತುವ ಅನುಮತಿ ಊರಿಗೆ ದೊರೆಯಿತು. ಆಗಿನ ಏಳು ದ್ವಾರಗಳಲ್ಲಿ ಈಗ ಉಳಿದಿರುವುದು ಬ್ರಾಡ್ ಗೇಟ್ ಒಂದೇ. ಅದರ ನೆತ್ತಿಯ ಮೇಲೆ ಮನೆ ಕಟ್ಟಿಕೊಂಡು ಜನ ವಾಸವಾಗಿದ್ದಾರೆ, ಕೆಳಗಿನ ಕಮಾನಿನಲ್ಲಿ ಕಾರುಗಳು ಒಂದೊಂದಾಗಿ ನುಸುಳುತ್ತವೆ.

ಸಂಪಾದಕರೇ, ಆ ಊರಿನಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಕೋಟೆಗಿಂತ ಮೊದಲು ಸಂತೆ. ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ, ಹೀಗೆ ವಾರದಲ್ಲಿ 4 ದಿನ ಕೋಟೆಯ ಮುಂದಿನ ಬಯಲಿನಲ್ಲಿ ಪಟ್ಟೆಪಟ್ಟೆಯ ಬಟ್ಟೆಯ ಮಾಡು ಕಟ್ಟಿದ ಅಂಗಡಿಗಳು ಎದ್ದು ನಿಲ್ಲುತ್ತವೆ. ನಾವು ಸೋಮವಾರ ಬೆಳಿಗ್ಗೆಯೇ ಹೋಗಿ ನಿಂತೆವು. ತರಕಾರಿ, ಹೂವಿನ ಸಸಿ, ಬ್ರೆಡ್ಡು, ಚೀಸು, ಜೇನುತುಪ್ಪ, ಕತ್ತಿ ಚಾಕು ಸಾಣೆ ಹಿಡಿಯುವವರು, ಹಳೆಯ ಪುಸ್ತಕ, ಉಣ್ಣೆಯ ಟೋಪಿ. ಕೊಳ್ಳುವವರಲ್ಲಿ ನಮ್ಮಂಥ ಪ್ರವಾಸಿಗರಿದ್ದರು, ನಿಜ. ಆದರೆ ಕೈಚೀಲ ಹಿಡಿದು ವಾರದ ಸಾಮಾನು ಒಯ್ಯುತ್ತಿದ್ದ ಊರಿನ ಹೆಂಗಸರೂ ಗಂಡಸರೂ ಅವರಿಗಿಂತ ಹೆಚ್ಚು ಮಂದಿ ಇದ್ದರು. ಅಂಗಡಿಯವನಿಗೆ ಗಿರಾಕಿಯ ಮೊಣಕಾಲು ನೋವಿನ ವಿಚಾರ ಗೊತ್ತಿರುತ್ತದೆ, ಗಿರಾಕಿಗೆ ಅಂಗಡಿಯವನ ಮಗಳ ಪರೀಕ್ಷೆಯ ವಿಚಾರ ಗೊತ್ತಿರುತ್ತದೆ. ತೀರ್ಥಹಳ್ಳಿಯ ಸೋಮವಾರದ ಸಂತೆಗೆ ಅಪ್ಪಯ್ಯನ ಕೈಹಿಡಿದು ಹೋಗುತ್ತಿದ್ದ ನನಗೆ ಆ ಮಾತಿನ ಧಾಟಿ ಭಾಷೆ ಬೇರೆಯಾದರೂ ಅಪರಿಚಿತ ಅನ್ನಿಸಲಿಲ್ಲ.

ಸಸಿ ಮಾರುತ್ತಿದ್ದ ಹಿರಿಯ ಹೆಂಗಸೊಬ್ಬರು ಈ ಬಯಲಿನ ಒಂದು ಕಥೆಯನ್ನು ಹೇಳಿದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದೇ ಸಂತೆಯ ನಡುವೆ ಇಟ್ಟಿಗೆಯ ದೊಡ್ಡದೊಂದು ಪುರಭವನವನ್ನು ಕಟ್ಟಿದ್ದರು, 1986ರಲ್ಲಿ ಅದನ್ನು ಕೆಡವಿದರು. ಕೆಡವಿದ ಮೇಲೆ ಅಲ್ಲಿ ಬೇರೊಂದು ಕಟ್ಟಡ ಏಳಲಿಲ್ಲ. ಬಯಲು ಬಯಲಾಗಿಯೇ ಉಳಿದು ಸಂತೆ ಅದನ್ನು ಪೂರ್ತಿ ತುಂಬಿಕೊಂಡಿತು. ಹಳೆಯದನ್ನೆಲ್ಲ ಉಳಿಸಿಕೊಂಡಿರುವ ಊರು ಎಂದು ಲಡ್ಲೋವನ್ನು ಹೊಗಳುವವರು ಈ ಸಂಗತಿಯನ್ನೂ ನೆನೆಯಬೇಕೆಂದು ನನಗೆ ತೋರುತ್ತದೆ. ಒಂದು ಊರು ಏನನ್ನು ಉಳಿಸಿಕೊಳ್ಳುತ್ತದೆ ಎನ್ನುವಾಗ ಕಟ್ಟಡದ ಜೊತೆಗೆ ಆ ಜಾಗದಲ್ಲಿ ನಡೆದುಬಂದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಇನ್ನೂ ಸ್ವಾರಸ್ಯವಾದದ್ದು ಸಂತೆಯ ಪೂರ್ವದ ತುದಿ. ಮೊದಲು ಸಂತೆಯ ಬಯಲು ಕೋಟೆಯ ಬಾಗಿಲಿನಿಂದ ಇಂದು ಬಟರ್‌ಕ್ರಾಸ್ ಎಂಬ ಕಟ್ಟಡ ನಿಂತಿರುವ ಜಾಗದವರೆಗೂ ಅಗಲವಾಗಿ ಹರಡಿತ್ತು. ದಿನವೂ ಅಂಗಡಿಯನ್ನು ಬಿಚ್ಚಿ ಕಟ್ಟುವುದು ಬೇಸರವೆನಿಸಿದ ವ್ಯಾಪಾರಿಗಳು ಗೂಟದ ಅಂಗಡಿಯನ್ನು ನೆಲಕ್ಕೆ ಊರಿದರು, ಆಮೇಲೆ ಗೋಡೆ ಏರಿಸಿದರು, ಅದರ ಮೇಲೆ ಅಟ್ಟ ಹಾಕಿ ಸಂಸಾರ ಹೂಡಿದರು. ಹೀಗೆ ಅಂಗಡಿಯ ಸಾಲುಗಳೇ ಶತಮಾನಗಳಲ್ಲಿ ಮನೆಯ ಸಾಲುಗಳಾದವು, ಸಾಲುಗಳ ನಡುವೆ ಜನ ನಡೆಯುತ್ತಿದ್ದ ಸಂದುಗಳು ಹಾರ್ಪ್ ಲೇನ್‌ನಂಥ ಓಣಿಗಳಾದವು. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟೀತೇನೋ ಅನ್ನಿಸುವ ಆ ಓಣಿಗಳಲ್ಲಿ ನಡೆಯುವಾಗ, ನಾವು ಕಾಲಿಡುತ್ತಿರುವುದು ಮಧ್ಯಯುಗದ ಸಂತೆಯ ಎರಡು ಅಂಗಡಿಸಾಲುಗಳ ನಡುವೆ ಎಂಬುದು ತಿಳಿದಿದ್ದರೆ ಆ ನಡಿಗೆಯ ರುಚಿಯೇ ಬೇರೆ. 40 ನಿಮಿಷಕ್ಕೆ ಇಳಿಸಿ ಹತ್ತಿಸುವ ಬಸ್ಸಿನವರು ಇದನ್ನು ಹೇಳುವುದಿಲ್ಲ, ಹೇಳಲು ಅವರಿಗೆ ಪುರುಸೊತ್ತೂ ಇರುವುದಿಲ್ಲ. ಬಟರ್‌ಕ್ರಾಸ್ 1740ರ ದಶಕದ ಕಲ್ಲಿನ ಕಟ್ಟಡ. ಹಳ್ಳಿಯ ಹೆಂಗಸರು ಬೆಣ್ಣೆ ತಂದು ಅದರ ಕಂಬಗಳ ನೆರಳಿನಲ್ಲಿ ಕುಳಿತು ಮಾರುತ್ತಿದ್ದುದರಿಂದ ಆ ಹೆಸರು.

ಚರ್ಚಿನ ಒಳಗೂ ಸಂತೆ ನಮ್ಮನ್ನು ಬಿಡಲಿಲ್ಲ. ಸಂತ ಲಾರೆನ್ಸನ ಚರ್ಚಿನಲ್ಲಿ ಪಾದ್ರಿಗಳೂ ಹಾಡುವವರೂ ಕೂರುವ ಮರದ ಆಸನಗಳಿವೆ. ಪ್ರಾರ್ಥನೆ ದೀರ್ಘವಾದದ್ದು, ನಿಂತೇ ಮಾಡಬೇಕಾದದ್ದು. ಆದ್ದರಿಂದ ಆಸನವನ್ನು ಮೇಲಕ್ಕೆ ಮಡಿಸಿದಾಗ ಸೊಂಟಕ್ಕೆ ತುಸು ಆಸರೆ ಸಿಗುವಂತೆ ಅದರ ತಳದಲ್ಲಿ ಒಂದು ಸಣ್ಣ ಚಾಚನ್ನು ಬಿಟ್ಟಿರುತ್ತಾರೆ. ಆ ಚಾಚಿನ ಅಡಿಯಲ್ಲಿ, ಯಾರೂ ಸುಲಭವಾಗಿ ನೋಡದ ಜಾಗದಲ್ಲಿ, ಬಡಗಿಗಳು ತಮ್ಮ ಮನಸ್ಸಿಗೆ ಬಂದದ್ದನ್ನೆಲ್ಲ ಕೆತ್ತಿದ್ದಾರೆ. ಅಂಥ 28 ಮಧ್ಯಯುಗದ ಕೆತ್ತನೆಗಳು ಇಲ್ಲಿವೆ. ಅವುಗಳಲ್ಲಿ ಒಂದರ ಮುಂದೆ ನಾನು ಬಹಳ ಹೊತ್ತು ನಿಂತೆ. ಬಿಯರ್ ಮಾರುವ ಹೆಂಗಸೊಬ್ಬಳು ಅಳತೆಯಲ್ಲಿ ಮೋಸ ಮಾಡಿದ್ದಾಳೆ. ಮೋಸದ ಪಾತ್ರೆಯನ್ನು ಇನ್ನೂ ಕೈಯಲ್ಲಿ ಹಿಡಿದಿರುವ ಅವಳನ್ನು ಒಂದು ದೆವ್ವ ಹೆಗಲ ಮೇಲೆ ಹೊತ್ತು ನರಕದ ಬಾಯಿಗೆ ಒಯ್ಯುತ್ತಿದೆ, ಇನ್ನೊಂದು ಅವಳ ಪಾಪಗಳ ಪಟ್ಟಿಯನ್ನು ಓದುತ್ತಿದೆ, ಮತ್ತೊಂದು ವಾದ್ಯ ಊದುತ್ತಿದೆ. ತೂಕ ಅಳತೆಯ ಇಲಾಖೆ ಇಲ್ಲದ ಕಾಲದಲ್ಲಿ ಸಂತೆಯ ಜನರಿಗೆ ಸಂತೆಯ ನ್ಯಾಯವನ್ನು ಹೇಳುವ ಜಾಗ ಅದಾಗಿತ್ತು. ಗಿರಾಕಿಯ ಸಿಟ್ಟು ಆರು ನೂರು ವರ್ಷಗಳ ನಂತರವೂ ಆ ಓಕ್ ಮರದಲ್ಲಿ ಬಿಸಿಯಾಗಿಯೇ ಇದೆ. ಅದೇ ಚರ್ಚಿನ ಉತ್ತರ ಗೋಡೆಯ ಹೊರಗೆ ಕವಿ ಎ. ಇ. ಹೌಸ್‌ಮನ್‌ರ ಚಿತಾಭಸ್ಮವನ್ನು ಇಟ್ಟಿದ್ದಾರೆ. ಅವರು ತೀರಿಕೊಂಡದ್ದು 1936ರಲ್ಲಿ. ಹುಟ್ಟಿದ್ದು ನೆರೆಯ ಜಿಲ್ಲೆಯಲ್ಲಾದರೂ ಕವಿತೆಗಳಲ್ಲಿ ಈ ಜಿಲ್ಲೆಯನ್ನು ಹಾಡಿದವರು ಅವರು.

ಈ ಸಂಪತ್ತೆಲ್ಲ ಬಂದದ್ದು ಕುರಿಯ ಬೆನ್ನಿನಿಂದ. ಸುತ್ತಲಿನ ಗುಡ್ಡಗಳಲ್ಲಿ ಮೇಯುವ ಕುರಿಗಳ ಉಣ್ಣೆಯನ್ನು ಹೊರದೇಶಗಳಿಗೆ ಕಳುಹಿಸಿ ಇಲ್ಲಿನ ವರ್ತಕರು ಸಿರಿವಂತರಾದರು. 13ನೇ ಶತಮಾನದಲ್ಲಿ ಲಡ್ಲೋದ ಲಾರೆನ್ಸ್ ಎಂಬ ವರ್ತಕ ದೇಶದ ಅತ್ಯಂತ ದೊಡ್ಡ ಉಣ್ಣೆ ವ್ಯಾಪಾರಿಗಳಲ್ಲಿ ಒಬ್ಬನಾಗಿದ್ದ. ರಾಜನಿಗೇ ಸಾಲ ಕೊಡುವಷ್ಟು ಬೆಳೆದಿದ್ದ. ಅವನು ಕಟ್ಟಿಸಿದ ಮನೆ ಊರಿನಿಂದ ಸುಮಾರು 7 ಮೈಲಿ ದೂರದ ಸ್ಟೋಕ್‌ಸೇಯಲ್ಲಿ ಇಂದಿಗೂ ಇದೆ. ರೈಲಿನಲ್ಲಿ ಒಂದೇ ನಿಲ್ದಾಣ ಹೋಗಿ, ಕ್ರೇವನ್ ಆರ್ಮ್ಸ್ ಎಂಬಲ್ಲಿ ಇಳಿದು, ಸುಮಾರು ಒಂದು ಮೈಲಿ ನಡೆದರೆ ಸಿಗುತ್ತದೆ. 1291ರಲ್ಲಿ ತನ್ನ ಮನೆಗೆ ಕೋಟೆಯ ತೆನೆ (ಹಲ್ಲುಹಲ್ಲಾದ ಗೋಡೆಯ ತುದಿ) ಏರಿಸಿಕೊಳ್ಳಲು ಅವನು ರಾಜನಿಂದ ಅಪ್ಪಣೆ ಪಡೆದ. ಹೆಸರು ಸ್ಟೋಕ್‌ಸೇ ಕೋಟೆ ಎಂದಿದ್ದರೂ ಅದು ಉಳ್ಳವನೊಬ್ಬನ ಮನೆಯೇ. ಅದರ ನಡುಮನೆಯಲ್ಲಿ ಹೊಗೆಗೂಡಿಲ್ಲ. ನೆಲದ ಮಧ್ಯದಲ್ಲಿ ಒಲೆ ಉರಿಸಿ ಹೊಗೆಯನ್ನು ಮಾಡಿನ ಕಡೆಗೆ ಬಿಡುತ್ತಿದ್ದರು. ಮರದ ದಿಮ್ಮಿಗಳನ್ನೇ ಕಡಿದು ಕೂರಿಸಿದ ಮೆಟ್ಟಿಲುಗಳ ಮೇಲೆ ಏಳು ನೂರು ವರ್ಷಗಳ ನಂತರವೂ ನಾವು ಹತ್ತಿ ಇಳಿದೆವು. ತೊಲೆಗಳ ಜೋಡಣೆಯನ್ನು ತಲೆಯೆತ್ತಿ ನೋಡುತ್ತಾ ನಿಂತ ನನ್ನ ಯಜಮಾನರಿಗೆ ಅವರ ಅಜ್ಜನ ಕಾಲದ ಕೊಪ್ಪದ ಮನೆಯ ನೆನಪಾಯಿತಂತೆ. ಆ ಲಾರೆನ್ಸ್ ಮಾತ್ರ ಮನೆಯಲ್ಲಿ ಹೆಚ್ಚು ಕಾಲ ಬಾಳಲಿಲ್ಲ. 1294ರಲ್ಲಿ, ಯುದ್ಧದ ಖರ್ಚಿಗಾಗಿ ರಾಜನು ಉಣ್ಣೆಯ ಮೇಲೆ ತೆರಿಗೆ ಏರಿಸಿದ್ದ ಹೊತ್ತಿನಲ್ಲಿ, ಉಣ್ಣೆ ಹೇರಿದ ಹಡಗಿನಲ್ಲಿ ಹೋಗುತ್ತಾ ಸಮುದ್ರದಲ್ಲಿ ಮುಳುಗಿ ಸತ್ತ.

ಕೋಟೆಯ ರಾಜಕೀಯ ಇತಿಹಾಸವನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ವೇಲ್ಸ್ ಮತ್ತು ಗಡಿನಾಡನ್ನು ಆಳುವ ಸಭೆ 1689ರವರೆಗೂ ಇಲ್ಲಿಂದಲೇ ಕೆಲಸ ಮಾಡುತ್ತಿತ್ತು. 7ನೇ ಹೆನ್ರಿಯ ಹಿರಿಯ ಮಗ ಆರ್ಥರ್, ಸ್ಪೇನಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾಗಿ ಇನ್ನೂ ಅರ್ಧ ವರ್ಷವೂ ಕಳೆಯದಿರುವಾಗ, 1502ರ ಏಪ್ರಿಲ್ 2ರಂದು ಈ ಕೋಟೆಯಲ್ಲಿ ತೀರಿಕೊಂಡ. ವಿಧವೆಯನ್ನು ಅವನ ತಮ್ಮ 8ನೇ ಹೆನ್ರಿ ಮದುವೆಯಾದ, ಆಮೇಲೆ ಬಿಡಲು ಹೊರಟ, ಆ ಜಗಳದಲ್ಲಿ ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾಯಿತು. 30 ವರ್ಷ ಸಮಾಜ ವಿಜ್ಞಾನವನ್ನು ಪಾಠ ಮಾಡಿದ ನಾನು ಮತ ಸುಧಾರಣೆಯ ಅಧ್ಯಾಯವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಅಧ್ಯಾಯ ಒಬ್ಬ 15 ವರ್ಷದ ಹುಡುಗನ ಕಾಯಿಲೆಯ ಹಾಸಿಗೆಯಿಂದ, ಈಗ ಚಾವಣಿಯಿಲ್ಲದ ಈ ಕೋಣೆಗಳಲ್ಲಿ, ಹೊರಟಿತೆಂಬುದು ಆವತ್ತು ಕಣ್ಣಿಗೆ ಕಂಡಿತು.

ಆದರೆ ಕೋಟೆಯ ಬಗ್ಗೆ ಕನ್ನಡ ಓದುಗರಿಗೆ ತಿಳಿಸಲೇಬೇಕಾದ ಸಂಗತಿ ಬೇರೆಯೇ ಇದೆ. ಇದನ್ನು ನನಗೆ ಯಾವ ಮಾರ್ಗದರ್ಶಿಯೂ ಹೇಳಲಿಲ್ಲ. ಊರಿನ ಬೀದಿಗಳಲ್ಲಿ ಪೋವಿಸ್ ಎಂಬ ಹೆಸರು ಕಣ್ಣಿಗೆ ಬಿದ್ದು, ಎಲ್ಲಿಯೋ ಕೇಳಿದ್ದೇನಲ್ಲ ಎಂದು ಸಂಜೆ ಮಗಳೊಂದಿಗೆ ಕುಳಿತು ಓದಿದಾಗ ಒಂದೊಂದೇ ಎಳೆ ಸಿಕ್ಕಿತು. ಬಂಗಾಳದಲ್ಲಿ ಕಂಪನಿಯ ಆಳ್ವಿಕೆಗೆ ಬುನಾದಿ ಹಾಕಿ ಅಪಾರ ಸಂಪತ್ತನ್ನು ಮನೆಗೆ ಒಯ್ದ ರಾಬರ್ಟ್ ಕ್ಲೈವ್ ಇದೇ ಶ್ರಾಪ್‌ಶೈರಿನವನು. ಅವನ ಮಗ ಎಡ್ವರ್ಡ್ ಕ್ಲೈವ್ 1774ರಿಂದ 1794ರವರೆಗೆ, 20 ವರ್ಷಗಳ ಕಾಲ, ಬ್ರಿಟಿಷ್ ಸಂಸತ್ತಿನಲ್ಲಿ ಲಡ್ಲೋ ಊರಿನ ಪ್ರತಿನಿಧಿಯಾಗಿದ್ದ. 1798ರಲ್ಲಿ ಅವನು ಮದ್ರಾಸಿನ ಗವರ್ನರ್ ಆಗಿ ಬಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹತನಾದಾಗ ಮದ್ರಾಸಿನ ಗವರ್ನರ್ ಗದ್ದುಗೆಯಲ್ಲಿ ಇದ್ದವನು ಇವನೇ. ಊರಿಗೆ ಮರಳಿದ ಮೇಲೆ, ಹೆಂಡತಿಯ ತವರಿನವರಾದ ಪೋವಿಸ್ ಮನೆತನದ ಗಂಡುಸಂತಾನ ನಿಂತುಹೋಗಿದ್ದರಿಂದ, 1804ರಲ್ಲಿ ಪೋವಿಸ್ ಪದವಿ ಇವನಿಗೆ ಬಂತು. 1811ರಲ್ಲಿ ಲಡ್ಲೋ ಕೋಟೆಯನ್ನು ರಾಜಮನೆತನದಿಂದ ಕೊಂಡುಕೊಂಡ. ಕೋಟೆ ಇಂದಿಗೂ ಆ ಮನೆತನದ ಆಸ್ತಿಯೇ. ನಾವು ಟಿಕೆಟ್ ಕೊಂಡು ಒಳಹೊಕ್ಕ ಕೋಟೆ, ನಾವು ವಾಸಿಸುವ ಮೈಸೂರಿನಿಂದ ಹದಿನೈದು ಕಿಲೋಮೀಟರ್ ದೂರದ ಶ್ರೀರಂಗಪಟ್ಟಣದ ಕಥೆಯಲ್ಲಿ ಬರುವ ಮನುಷ್ಯನ ಮನೆಯವರದು!

ಎಡ್ವರ್ಡ್ ಕ್ಲೈವ್‌ನ ಹೆಂಡತಿ ಹೆನ್ರಿಯೆಟ್ಟಾ ಇನ್ನೂ ಕುತೂಹಲದ ವ್ಯಕ್ತಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಮಾರ್ಚಿನಲ್ಲಿ, ಗಂಡನನ್ನು ಮದ್ರಾಸಿನಲ್ಲಿಯೇ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನೂ ಅನ್ನಾ ಟೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿಯನ್ನೂ ಕರೆದುಕೊಂಡು ಅವಳು ದಕ್ಷಿಣ ಭಾರತದ ಸಂಚಾರಕ್ಕೆ ಹೊರಟಳು. ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ನೋಡಿಕೊಂಡು ಮದ್ರಾಸಿಗೆ ಮರಳಿದ್ದು ಅಕ್ಟೋಬರಿನಲ್ಲಿ. ತಾಯಿಯೂ ಬರೆದಿಟ್ಟಳು, 12 ವರ್ಷದ ಕಿರಿಯ ಮಗಳು ಷಾರ್ಲೆಟ್ ಕೂಡ ದಿನಚರಿ ಬರೆದಳು. ಆ ಷಾರ್ಲೆಟ್ ಮುಂದೆ ನಾರ್ತಂಬರ್‌ಲೆಂಡಿನ ಡಚೆಸ್ ಆಗಿ, 1830ರ ದಶಕದಲ್ಲಿ, ಇನ್ನೂ ಪಟ್ಟಕ್ಕೆ ಬಾರದ ವಿಕ್ಟೋರಿಯಾಳ ಶಿಕ್ಷಣದ ಮೇಲ್ವಿಚಾರಕಿಯಾದಳು. ಕಾವೇರಿಯ ದಡದಲ್ಲಿ ಯುದ್ಧದ ಗಾಯ ಹಸಿಯಾಗಿದ್ದ ಕೋಟೆಯನ್ನು ಕಣ್ಣಾರೆ ಕಂಡ ಹುಡುಗಿ, ಭಾರತದ ಚಕ್ರವರ್ತಿನಿ ಎನಿಸಿಕೊಳ್ಳಲಿದ್ದ ಹುಡುಗಿಗೆ ಗುರುಸ್ಥಾನದಲ್ಲಿ ನಿಂತಿದ್ದಳು ಎಂಬುದನ್ನು ಓದಿದ ಆ ರಾತ್ರಿ ನನಗೆ ಬೇಗ ನಿದ್ದೆ ಹತ್ತಲಿಲ್ಲ.

ನಾಲ್ಕನೆಯ ದಿನ ಊರು ತಿರುಗುವ ಯೋಚನೆ ಬಿಟ್ಟು, ರೈಲು ಹಿಡಿದು, ಶ್ರೂಸ್‌ಬರಿಯಲ್ಲಿ ಬದಲಾಯಿಸಿ, ವೇಲ್ಸ್ ಗಡಿಯೊಳಗಿನ ವೆಲ್ಶ್‌ಪೂಲ್‌ಗೆ ಹೋದೆವು. ಊರಿನಿಂದ ಉದ್ಯಾನದ ದಾರಿಯಲ್ಲಿ ನಡೆದರೆ ಪೋವಿಸ್ ಅರಮನೆ. 1952ರಿಂದ ಅದು ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದೆ. ಕ್ಲೈವ್ ಮನೆತನ ಭಾರತದಿಂದ ತಂದ ವಸ್ತುಗಳನ್ನು ಅಲ್ಲಿ ಇಟ್ಟಿದ್ದಾರೆ. ಟಿಪ್ಪುವಿನ ಡೇರೆಯ ಹೂಬಳ್ಳಿಯ ಹತ್ತಿಬಟ್ಟೆಯ ಮುಂದೆಯೂ, ಅವನ ಸಿಂಹಾಸನದ ಕಟಾಂಜನವನ್ನು ಅಲಂಕರಿಸಿದ್ದ ಎಂಟು ಚಿನ್ನದ ಹುಲಿಮುಖಗಳಲ್ಲಿ ಒಂದರ ಮುಂದೆಯೂ ನಾವು ಮೂವರೂ ಮಾತಿಲ್ಲದೆ ನಿಂತೆವು. ಸಿಂಹಾಸನವನ್ನು ಗೆದ್ದವರು ಲೂಟಿಯ ಹಂಚಿಕೆಗಾಗಿ ತುಂಡು ತುಂಡು ಮಾಡಿದ್ದರು. ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಹುಲಿಮುಖ. ಕೆಂಪು ಹಸಿರು ಹರಳುಗಳು ಇನ್ನೂ ಹೊಳೆಯುತ್ತಿವೆ. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ಅದು ನಮ್ಮ ನೆಲದ ಅಕ್ಕಸಾಲಿಗನ ಕೈಕೆಲಸ. ಅದನ್ನು ನೋಡಲು ಅಷ್ಟು ದೂರ ಹೋಗಬೇಕಾಯಿತಲ್ಲ ಎಂಬ ನೋವು ನನಗಾಯಿತು. ಆ ನೋವನ್ನು ಮುಚ್ಚಿಟ್ಟು ಬರೀ ಹಸಿರು ಗುಡ್ಡದ ಬಣ್ಣನೆ ಮಾಡಿದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ.

ಹಸಿರು ಗುಡ್ಡದ ಬಗ್ಗೆಯೂ ಹೇಳದೆ ಇರಲಾರೆ. ಕೋಟೆಯ ಕೆಳಗೆ ಡಿನ್‌ಹ್ಯಾಮ್ ಸೇತುವೆ ದಾಟಿದರೆ ವಿಟ್‌ಕ್ಲಿಫ್ ಎಂಬ ಗುಡ್ಡ. ಅದು ಊರಿನ ಜನ ಹಿಂದಿನಿಂದ ಹಕ್ಕು ಅನುಭವಿಸಿಕೊಂಡು ಬಂದ ಬಯಲು, ನಮ್ಮ ಗೋಮಾಳವಿದ್ದಂತೆ. ಕೋಟೆಗೆ ಬೇಕಾದ ಕಲ್ಲನ್ನು ಅಲ್ಲಿಯೇ ಒಡೆದು ತಂದಿದ್ದರು. ಅದರ ನೆತ್ತಿಯಿಂದ ನೋಡಿದರೆ ನದಿಯ ಅಣೆ, ಅದರ ಆಚೆ ಕೋಟೆ, ಚರ್ಚಿನ ಗೋಪುರ, ಇನ್ನೂ ಆಚೆ ಕ್ಲೀ ಗುಡ್ಡಗಳ ನೀಲಿ ಸಾಲು ಒಂದೇ ನೋಟದಲ್ಲಿ ಸಿಗುತ್ತವೆ. ಮೇ ತಿಂಗಳಲ್ಲಿ ಬೇಲಿಗಳೆಲ್ಲ ಬಿಳಿಯ ಹೂವು ತಳೆದಿದ್ದವು, ಕಾಡಿನ ನೆರಳಿನಲ್ಲಿ ಕಾಡುಬೆಳ್ಳುಳ್ಳಿಯ ಘಾಟು ಹರಡಿತ್ತು. ಗುಡ್ಡದ ಬುಡದಲ್ಲಿ, ಲಡ್‌ಫರ್ಡ್ ಸೇತುವೆಯ ಎದುರಿನ ರಸ್ತೆಯ ತಿರುವಿನಲ್ಲಿ, ಒಂದು ಸಾಧಾರಣ ಬಂಡೆಯ ಗೋಡೆಯಿದೆ. ಸುಮಾರು 42 ಕೋಟಿ ವರ್ಷಗಳ ಹಿಂದಿನ ಮೀನುಗಳ ಅವಶೇಷಗಳು ತುಂಬಿದ ತೆಳುವಾದ ಪದರ ಅದರಲ್ಲಿದೆ. 1830ರ ದಶಕದಲ್ಲಿ ರಾಡರಿಕ್ ಮರ್ಚಿಸನ್ ಎಂಬ ಭೂವಿಜ್ಞಾನಿ ಈ ಪ್ರದೇಶದ ಶಿಲೆಗಳನ್ನು ಆಧಾರವಾಗಿಟ್ಟುಕೊಂಡು ಸೈಲೂರಿಯನ್ ಎಂಬ ಯುಗವನ್ನು ಗುರುತಿಸಿದ. ಆ ಯುಗದ ಒಂದು ಭಾಗಕ್ಕೆ ಪ್ರಪಂಚದ ಎಲ್ಲ ಭೂವಿಜ್ಞಾನಿಗಳೂ ಇಂದು ಬಳಸುವ ಹೆಸರು ಲಡ್ಲೋ. ಕಾರುಗಳು ಸರ್ರನೆ ತಿರುಗುವ ಆ ಮೂಲೆಯಲ್ಲಿ ನಿಲ್ಲುವವರು ಮಾತ್ರ ಕಡಿಮೆ.

ಅಲ್ಲಿನ ಹಳ್ಳಿಗಾಡನ್ನು ನೋಡುವ ಬಗೆಯೇ ನಡಿಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 1,40,000 ಮೈಲಿ ಉದ್ದದ ಸಾರ್ವಜನಿಕ ದಾರಿಗಳಿವೆ. ಇವು ಸರ್ಕಾರದ ಜಮೀನಿನಲ್ಲಿರುವ ದಾರಿಗಳಷ್ಟೇ ಅಲ್ಲ. ಖಾಸಗಿ ಹೊಲ, ಹುಲ್ಲುಗಾವಲು, ಕೊಟ್ಟಿಗೆಯ ಅಂಗಳಗಳ ನಡುವೆಯೂ ಹಾದುಹೋಗುತ್ತವೆ. ಜನ ನಡೆದು ನಡೆದು ಹಕ್ಕಾದ ದಾರಿಗಳು ಅವು. 1949ರ ಕಾನೂನು ಅವುಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ಗುರುತಿಸುವಂತೆ ಸ್ಥಳೀಯ ಆಡಳಿತಗಳಿಗೆ ವಿಧಿಸಿತು. ರೈತ ತನ್ನ ಹೊಲವನ್ನು ಉಳಬಹುದು, ಆದರೆ ಉತ್ತ ಮೇಲೆ ದಾರಿಯನ್ನು ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಹಳದಿ ಬಾಣದ ಗುರುತು ಕಂಡಲ್ಲಿ ಯಾರನ್ನೂ ಕೇಳದೆ ಕಾಲಿಡಬಹುದು. ಬೇಲಿ ಬಂದಲ್ಲಿ, ಮನುಷ್ಯ ಹತ್ತಿ ಇಳಿಯಬಹುದಾದ, ದನಕುರಿ ದಾಟಲಾಗದ ಮರದ ಮೆಟ್ಟಿಲುಗಳಿರುತ್ತವೆ. ನಮ್ಮ ಮಲೆನಾಡಿನಲ್ಲಿ ಅದಕ್ಕೆ ತಡಮೆ ಎನ್ನುತ್ತಾರೆ. ಎಷ್ಟೋ ವರ್ಷಗಳಿಂದ ನನ್ನ ಬಾಯಿಗೆ ಬಾರದಿದ್ದ ಆ ಮಾತು ಅಲ್ಲಿ ಕುರಿಮರಿಗಳ ನಡುವೆ ನಿಂತಾಗ ತಾನಾಗಿ ಬಂತು. ಮಗಳಿಗೆ ಅದು ಹೊಸ ಶಬ್ದ. ಆಮೇಲೆ ದಾರಿಯುದ್ದಕ್ಕೂ ಅವಳು ತಡಮೆಗಳನ್ನು ಎಣಿಸುತ್ತಾ ಬಂದಳು.

ಹೋಗಬಯಸುವ ಹಿರಿಯರಿಗೆ ಕೆಲವು ಮಾತು. ಲಡ್ಲೋಗೆ ರೈಲಿದೆ, ಶ್ರೂಸ್‌ಬರಿ ಮತ್ತು ಹೆರೆಫರ್ಡ್ ಎರಡೂ ಕಡೆಯಿಂದ ಅರ್ಧ ಗಂಟೆಯ ಆಸುಪಾಸಿನ ಪ್ರಯಾಣ. ನಿಲ್ದಾಣದಿಂದ ಊರಿನ ನಡುವಿಗೆ ಹತ್ತು ನಿಮಿಷದ ಏರು. ಬೀದಿಗಳು ಇಳಿಜಾರು, ಕೆಲವು ಕಡೆ ಕಲ್ಲುಹಾಸು. ಮಂಡಿನೋವಿರುವವರು ಊರುಗೋಲು ಒಯ್ಯುವುದು ಒಳ್ಳೆಯದು. ಹಳ್ಳಿಯ ಬಸ್ಸುಗಳನ್ನು, ಅದರಲ್ಲಿಯೂ ಭಾನುವಾರ, ನಂಬಿಕೊಳ್ಳಬಾರದು. ಸಂತೆಯ ದಿನ ನೋಡಿಕೊಂಡೇ ಹೋಗಬೇಕು. ಹೊಲದ ದಾರಿಗೆ ಮಳೆಯಂಗಿಯೂ ಗಟ್ಟಿ ಬೂಟೂ ಬೇಕು, ಮುಚ್ಚಿದ್ದ ಬಾಗಿಲನ್ನು ದಾಟಿದ ಮೇಲೆ ಮರೆಯದೆ ಮುಚ್ಚಬೇಕು. ಬ್ರಾಡ್ ಸ್ಟ್ರೀಟ್‌ನಲ್ಲಿ ಇಳಿಯುವಾಗ ಇಕ್ಕೆಲದ ಮನೆಗಳ ನುಣುಪಾದ ಇಟ್ಟಿಗೆಯ ಮುಖವನ್ನು ನೋಡಿ ಮುಂದೆ ಹೋಗಬೇಡಿ. ಹಲವು ಮನೆಗಳಲ್ಲಿ ಅದು 18ನೇ ಶತಮಾನದಲ್ಲಿ ಹೊಸ ರುಚಿಗೆ ತಕ್ಕಂತೆ ಹೊದಿಸಿದ ಮುಖ, ಪಕ್ಕದ ಸಂದಿಗೆ ಇಣುಕಿದರೆ ಹಿಂದೆ ಹಳೆಯ ಮರದ ಚೌಕಟ್ಟೂ ತಡಿಕೆಗೆ ಮಣ್ಣು ಮೆತ್ತಿದ ಗೋಡೆಯೂ ಕಾಣುತ್ತವೆ.

ಈಗ ನನ್ನ ಬೇಡಿಕೆ. ಇಂಗ್ಲೆಂಡಿಗೆ ಹೋಗಿ ಬರುವ ಕನ್ನಡಿಗರ ಸಂಖ್ಯೆ ದೊಡ್ಡದು, ಅವರಲ್ಲಿ ಹೆಚ್ಚಿನವರಿಗೆ ದಿನಗಳ ಕೊರತೆಯಿಲ್ಲ, ಮಕ್ಕಳ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಅವರಿಗಾಗಿ ನಿಮ್ಮ ಪುರವಣಿಯಲ್ಲಿ ತಿಂಗಳಿಗೊಂದಾದರೂ ಇಂಥ ಸಂತೆಯೂರಿನ ಬಗ್ಗೆ, ಅಲ್ಲಿ ಇದ್ದು ನಡೆದು ನೋಡಿದವರಿಂದ ಬರೆಸಿ. ಅದಕ್ಕಿಂತ ಮುಖ್ಯವಾಗಿ, ಹೆನ್ರಿಯೆಟ್ಟಾ ಮತ್ತು ಷಾರ್ಲೆಟ್ ಬರೆದಿಟ್ಟ ದಿನಚರಿಗಳಲ್ಲಿ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ಭಾಗವನ್ನು, ಬಲ್ಲ ಇತಿಹಾಸಕಾರರೊಬ್ಬರಿಂದ ಟಿಪ್ಪಣಿ ಸಹಿತ ಕನ್ನಡಕ್ಕೆ ತರಿಸಿ ಭಾನುವಾರದ ಸಂಚಿಕೆಗಳಲ್ಲಿ ಪ್ರಕಟಿಸಿ. ಮುಂದಿನ ಮೇ ತಿಂಗಳಲ್ಲಿ ನಾವು ಮತ್ತೆ ಹೋಗುವವರಿದ್ದೇವೆ. ಅಷ್ಟರೊಳಗೆ ಅದು ಅಚ್ಚಾದರೆ, ಆ ಹಾಳೆಗಳನ್ನು ಕತ್ತರಿಸಿಕೊಂಡು ಹೋಗಿ ಲಡ್ಲೋ ಕೋಟೆಯ ಅಂಗಳದಲ್ಲಿ ಕುಳಿತು ಓದಬೇಕೆಂದು ನಾನೂ ನನ್ನ ಮಗಳೂ ಮಾತಾಡಿಕೊಂಡಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು